ಹಾಲ್‌ಗೊಂದು ಗೇಮಿಂಗ್ ಪೆಟ್ಟಿಗೆ: ತಗೊಳ್ಳೋದಾ, ಬೇಡ್ವಾ?

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಒಂದೇ ವಿಷಯ. ಟಿವಿ ಪಕ್ಕ ಇಡುವಂಥ ಪುಟ್ಟ ಗೇಮಿಂಗ್ ಪಿಸಿ. 2025ರ ನವೆಂಬರ್‌ನಲ್ಲಿ, ‘ಸ್ಟೀಮ್’ ಅನ್ನೋ ಆನ್‌ಲೈನ್ ಆಟದ ಅಂಗಡಿ ನಡೆಸುವ ವಾಲ್ವ್ ಕಂಪನಿ ‘ಸ್ಟೀಮ್ ಮೆಷಿನ್’ ಅನ್ನೋ ಕಪ್ಪು ಡಬ್ಬಿ ತೋರಿಸಿದ್ದೇ ತೋರಿಸಿದ್ದು, ಎಲ್ಲರಿಗೂ ತಮ್ಮ ಟಿವಿ ಪಕ್ಕದ ಜಾಗ ಖಾಲಿ ಖಾಲಿ ಅನಿಸೋಕೆ ಶುರುವಾಗಿದೆ. ಹಾಗಾಗಿ ಪ್ರಿಂಟರ್, ಫೋನ್ ಬ್ಯಾಟರಿ ಪ್ರಶ್ನೆಗಳನ್ನೆಲ್ಲ ಮುಂದಿನ ತಿಂಗಳಿಗೆ ಹಾಕಿದ್ದೇನೆ. ಬೇಜಾರು ಮಾಡ್ಕೋಬೇಡಿ.

ಪ್ರಶ್ನೆ: ನಮ್ಮದು ಎರಡು ಬೆಡ್‌ರೂಮಿನ ಮನೆ. ಹಾಲ್‌ನಲ್ಲಿ 43 ಇಂಚಿನ 4ಕೆ ಟಿವಿ ಇದೆ. ನನಗೂ ಎಂಟನೇ ಕ್ಲಾಸಿನ ಮಗನಿಗೂ ಆಟದ ಹುಚ್ಚು. ದೊಡ್ಡ ಟವರ್ ಹಾಲ್‌ಗೆ ಬೇಡವೇ ಬೇಡ ಅಂತ ಮನೆಯಲ್ಲಿ ಖಡಾಖಂಡಿತವಾಗಿ ಹೇಳಿದ್ದಾರೆ. 80 ಸಾವಿರ ಎತ್ತಿಟ್ಟಿದ್ದೇನೆ. ಪುಟ್ಟ ಪಿಸಿ ತಗೊಂಡರೆ ದುಡ್ಡಿಗೆ ಮೋಸ ಇಲ್ಲ ತಾನೇ? ಅಥವಾ ಸುಮ್ನೆ ಸೋನಿಯ ಪಿಎಸ್5 ಗೇಮಿಂಗ್ ಡಬ್ಬಿ ತಗೊಂಡುಬಿಡಲಾ?
— ಮೈಸೂರಿನ ಓದುಗರು

ಉತ್ತರ: ಸಾರ್, ಎಲ್ಲ ಬರೆದಿದ್ದೀರಿ, ಯಾವ ಆಟ ಆಡ್ತೀರಿ ಅನ್ನೋದನ್ನೇ ಬರೆದಿಲ್ಲ! ಉತ್ತರ ನಿಂತಿರೋದೇ ಅದರ ಮೇಲೆ. ಅಪ್ಪ-ಮಗ ಕೂತು ಫುಟ್‌ಬಾಲ್ ಆಡೋದು, ವರ್ಷಕ್ಕೆ ಎರಡೋ ಮೂರೋ ದೊಡ್ಡ ಆಟ ಮುಗಿಸೋದು, ಅಷ್ಟೇ ಅಂದ್ರೆ ಪಿಎಸ್5 ತಗೊಳ್ಳಿ, ಇಲ್ಲಿಗೆ ಓದೋದು ನಿಲ್ಲಿಸಿ. ಡಿಸ್ಕ್ ಹಾಕುವ ಪಿಎಸ್5 ಸ್ಲಿಮ್ 2024ರ ಏಪ್ರಿಲ್‌ನಲ್ಲಿ ನಮ್ಮಲ್ಲಿ 54,990 ರೂಪಾಯಿಗೆ ಬಂತು. ಆ ದುಡ್ಡಿಗೆ ಅಷ್ಟೇ ಶಕ್ತಿಯ ಪಿಸಿಯನ್ನು ಅಷ್ಟೇ ಸಣ್ಣ ಡಬ್ಬಿಯಲ್ಲಿ ಕಟ್ಟೋಕೆ ಆಗಲೂ ಆಗುತ್ತಿರಲಿಲ್ಲ, ಈಗಂತೂ ಆಗೋದಿಲ್ಲ.

ಈಗಂತೂ ಅಂದೆನಲ್ಲ, ಅದಕ್ಕೆ ಕಾರಣ ಪಿಸಿಯ ಕೆಲಸದ ಮೆಮೊರಿ, ಅಂದ್ರೆ ರ‍್ಯಾಮ್. 2025ರ ಕೊನೆಯಿಂದ ರ‍್ಯಾಮ್ ಬೆಲೆ ಬೆಂಕಿ ಹತ್ತಿದ ಹಾಗೆ ಏರಿದೆ. ಎಐ ಸರ್ವರ್‌ಗಳಿಗೆ ಮೆಮೊರಿ ಮಾಡಿ ಮಾರಿದರೆ ಲಾಭ ಜಾಸ್ತಿ, ಹಾಗಾಗಿ ಚಿಪ್ ಕಾರ್ಖಾನೆಗಳೆಲ್ಲ ಆ ಕಡೆ ವಾಲಿವೆ. ಎಷ್ಟರಮಟ್ಟಿಗೆ ಅಂದ್ರೆ, ನಮ್ಮಂಥವರು ವರ್ಷಾನುಗಟ್ಟಲೆ ಕಣ್ಣು ಮುಚ್ಚಿ ತಗೊಳ್ಳುತ್ತಿದ್ದ ಕ್ರೂಶಿಯಲ್ ರ‍್ಯಾಮ್ ವ್ಯಾಪಾರವನ್ನೇ ನಿಲ್ಲಿಸುತ್ತೇವೆ ಅಂತ ಅದರ ಮಾಲೀಕ ಕಂಪನಿ ಮೈಕ್ರಾನ್ 2025ರ ಡಿಸೆಂಬರ್‌ನಲ್ಲಿ ಹೇಳಿಬಿಟ್ಟಿತು. ಹಾಗಾಗಿ ಒಂದು ವರ್ಷದ ಹಿಂದಿನ ಯೂಟ್ಯೂಬ್ ವಿಡಿಯೋ ನೋಡಿ ಬಜೆಟ್ ಹಾಕಿಕೊಂಡಿದ್ದರೆ ಆ ಚೀಟಿ ಹರಿದುಹಾಕಿ.

ಮತ್ತೆ ಪಿಸಿ ಯಾಕೆ ಬೇಕು? ಆಟದ ಬೆಲೆಗಾಗಿ. ಪಿಎಸ್5ನಲ್ಲಿ ಹೊಸ ದೊಡ್ಡ ಆಟ ಅಂದ್ರೆ 4,999 ರೂಪಾಯಿ ಮಾಮೂಲು. ಸ್ಟೀಮ್‌ನಲ್ಲಿ ರೂಪಾಯಿ ಲೆಕ್ಕದಲ್ಲೇ ಬೆಲೆ, ಯುಪಿಐನಲ್ಲೇ ಕಟ್ಟಬಹುದು, ಬೇಸಿಗೆ ಸೇಲ್ ಚಳಿಗಾಲದ ಸೇಲ್ ಅಂತ ಕಾದರೆ ಎರಡು ವರ್ಷ ಹಳೆಯ ಆಟ ಕಾಲು ಬೆಲೆಗೂ ಸಿಗುತ್ತದೆ. ಎಪಿಕ್ ಸ್ಟೋರ್ ಅನ್ನೋ ಇನ್ನೊಂದು ಅಂಗಡಿಯವರು ಪ್ರತಿ ಗುರುವಾರ ಒಂದೋ ಎರಡೋ ಆಟ ಪುಕ್ಕಟೆ ಕೊಡುತ್ತಾರೆ. ಆನ್‌ಲೈನ್‌ನಲ್ಲಿ ಆಡೋಕೆ ಅಂತ ಬೇರೆ ಚಂದಾ ಇಲ್ಲ. ನಿಮ್ಮ ಮಗನಿಗೆ ಇನ್ನೂ ನಾಲ್ಕೈದು ವರ್ಷ ಈ ಹುಚ್ಚು ಇರುತ್ತದೆ ಅಂತಿಟ್ಟುಕೊಳ್ಳಿ, ಆಗ ಪಿಸಿಗೆ ಮೊದಲು ಕೊಟ್ಟ ಹೆಚ್ಚಿನ ದುಡ್ಡು ಆಟಗಳಲ್ಲಿ ವಾಪಸ್ ಬರುತ್ತದೆ. ಜೊತೆಗೆ ಅದೇ ಡಬ್ಬಿಯಲ್ಲಿ ಪ್ರಾಜೆಕ್ಟ್ ಟೈಪ್ ಮಾಡಬಹುದು, ಕೋಡಿಂಗ್ ಕಲಿಯಬಹುದು. (ಮಾಡ್ತಾನಾ ಅನ್ನೋದು ಬೇರೆ ಮಾತು.)

ಇನ್ನು ‘ಪುಟ್ಟದು’ ಅಂದ್ರೆ ಎಷ್ಟು ಪುಟ್ಟದು? ಮನೆಗೆ ಬರುವ ನೀರಿನ ಕ್ಯಾನ್ 20 ಲೀಟರ್ ಅಲ್ವಾ, ಅದನ್ನೇ ಅಳತೆ ಅಂತ ಇಟ್ಟುಕೊಳ್ಳಿ. ಮಾಮೂಲಿ ಟವರ್ ಕ್ಯಾಬಿನೆಟ್ 40ರಿಂದ 50 ಲೀಟರ್, ಅಂದ್ರೆ ಎರಡು ಕ್ಯಾನ್. ಮೈಕ್ರೊ ಎಟಿಎಕ್ಸ್ ಅನ್ನೋ ಗಾತ್ರದ ಮದರ್‌ಬೋರ್ಡ್ (ಬಿಡಿಭಾಗಗಳೆಲ್ಲ ಕೂರುವ ಹಲಗೆ) ಹಿಡಿಸುವ ಸಣ್ಣ ಕ್ಯಾಬಿನೆಟ್ ಒಂದು ಕ್ಯಾನ್‌ಗಿಂತ ಸ್ವಲ್ಪ ಜಾಸ್ತಿ. ಮಿನಿ ಐಟಿಎಕ್ಸ್, ಅಂದ್ರೆ 17 ಸೆಂಟಿಮೀಟರ್ ಚೌಕದ ಬೋರ್ಡ್ ಕೂರುವ ಕ್ಯಾಬಿನೆಟ್, ಸುಮಾರು ಅರ್ಧ ಕ್ಯಾನ್. ಪಿಎಸ್5 ಸ್ಲಿಮ್ ಏಳು ಲೀಟರ್ ಚಿಲ್ಲರೆ. ಸ್ಟೀಮ್ ಮೆಷಿನ್ ನಾಲ್ಕು ಲೀಟರ್‌ಗೂ ಕಮ್ಮಿ, ಒಂದೊಂದು ಪಕ್ಕ ಹೆಚ್ಚುಕಮ್ಮಿ ಆರಿಂಚು.

ಕ್ಯಾನ್ ಸಣ್ಣದಾದಷ್ಟೂ ಬೆಲೆ ಏರುತ್ತದೆ. ಐಟಿಎಕ್ಸ್ ಬೋರ್ಡ್ ಅದೇ ಜಾತಿಯ ದೊಡ್ಡ ಬೋರ್ಡ್‌ಗಿಂತ ಕೆಲವು ಸಾವಿರ ಜಾಸ್ತಿ. ಅದಕ್ಕೆ ಬೇಕಾದ ಎಸ್‌ಎಫ್‌ಎಕ್ಸ್ ಅನ್ನೋ ಪುಟ್ಟ ಪವರ್ ಸಪ್ಲೈ ಮತ್ತೂ ದುಬಾರಿ, ಅದರಲ್ಲೂ ನಮ್ಮ ಅಂಗಡಿಗಳಲ್ಲಿ ಎರಡೋ ಮೂರೋ ಮಾದರಿ ಬಿಟ್ಟರೆ ಸಿಗೋದಿಲ್ಲ. ಕ್ಯಾಬಿನೆಟ್ ಕೂಡ ಹಾಗೇ. ಇದೆಲ್ಲ ಸೇರಿದರೆ ಒಂದು ಮೆಟ್ಟಿಲು ಮೇಲಿನ ಗ್ರಾಫಿಕ್ಸ್ ಕಾರ್ಡ್ (ಆಟದ ಚಿತ್ರ ಬಿಡಿಸುವ ಭಾಗ) ಬರುವಷ್ಟು ದುಡ್ಡು. ಮೂಗಿಗಿಂತ ಮೂಗುತಿ ಭಾರ.

ಆದರೆ ಒಂದು ಸಮಾಧಾನ ಇದೆ, ನಿಮಗೆ ಮೇಲಿನ ಮೆಟ್ಟಿಲಿನ ಕಾರ್ಡ್ ಬೇಕಾಗಿಯೇ ಇಲ್ಲ. ಅಂಗಡಿಯವರು ‘4ಕೆ ಟಿವಿ ಇದೆ ಅಂದ್ರೆ 4ಕೆ ಕಾರ್ಡ್ ಬೇಕು ಸಾರ್’ ಅಂತಾರೆ. ಕೇಳಬೇಡಿ. ಒಂದು ಸ್ಕೇಲ್ ತಗೊಂಡು ಟಿವಿ ಹತ್ತಿರ ಹೋಗಿ. 43 ಇಂಚಿನ ಟಿವಿಯ ಅಗಲ ಸುಮಾರು 95 ಸೆಂಟಿಮೀಟರ್. ಅದರ ಮೇಲೆ ಫುಲ್ ಎಚ್‌ಡಿ ಚಿತ್ರ ಹಾಕಿದರೆ ಅಡ್ಡಕ್ಕೆ 1,920 ಚುಕ್ಕಿ, ಅಂದ್ರೆ ಒಂದೊಂದು ಚುಕ್ಕಿ ಅರ್ಧ ಮಿಲಿಮೀಟರ್. ಈಗ ವಾಪಸ್ ಬಂದು ಸೋಫಾದಲ್ಲಿ ಕೂತ್ಕೊಳ್ಳಿ, ಹತ್ತಡಿ ದೂರ. ಅಲ್ಲಿಂದ ಒಳ್ಳೆಯ ಕಣ್ಣಿಗೂ ಬಿಡಿಬಿಡಿಯಾಗಿ ಕಾಣುವುದು ಸುಮಾರು 0.9 ಮಿಲಿಮೀಟರ್‌ವರೆಗೆ ಮಾತ್ರ. ಅಂದ್ರೆ ಫುಲ್ ಎಚ್‌ಡಿ ಚುಕ್ಕಿಯೇ ನಿಮ್ಮ ಕಣ್ಣಿಗೆ ಸಿಗದಷ್ಟು ಸಣ್ಣದು, ಇನ್ನು 4ಕೆ ಚುಕ್ಕಿಯ ಮಾತು ಯಾಕೆ! ಆಟವನ್ನು ಫುಲ್ ಎಚ್‌ಡಿಗೋ ಅದಕ್ಕಿಂತ ಒಂದು ಚೂರು ಮೇಲಕ್ಕೋ ಇಟ್ಟು, ಉಳಿದದ್ದನ್ನು ಡಿಎಲ್‌ಎಸ್‌ಎಸ್, ಎಫ್‌ಎಸ್‌ಆರ್ ತರಹದ, ಕಮ್ಮಿ ಚುಕ್ಕಿಯ ಚಿತ್ರವನ್ನು ಹಿಗ್ಗಿಸುವ ತಂತ್ರಕ್ಕೆ ಬಿಡಿ. ಆರ್‌ಟಿಎಕ್ಸ್ 5060 ಅಥವಾ ಆರ್‌ಎಕ್ಸ್ 7600 ದರ್ಜೆಯ 8 ಜಿಬಿ ಕಾರ್ಡ್ ನಿಮ್ಮ ಸೋಫಾಗೆ ಸಾಕು. ಮೇಜಿನ ಮೇಲೆ ಎರಡಡಿ ದೂರದಲ್ಲಿ ಮಾನಿಟರ್ ಇಟ್ಟುಕೊಂಡು ಆಡುವವರ ಲೆಕ್ಕವೇ ಬೇರೆ, ಅವರ ಮಾತು ಕೇಳಿ ನೀವು ದುಡ್ಡು ಸುರಿಯಬೇಡಿ.

ಇನ್ನೊಂದು ದಾರಿ ಮಿನಿ ಪಿಸಿ, ಟಿಫಿನ್ ಡಬ್ಬಿ ಗಾತ್ರದ್ದು, ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲದ್ದು. ಅದರಲ್ಲಿ ರೇಡಿಯಾನ್ 780ಎಂ ಗ್ರಾಫಿಕ್ಸ್ ಒಳಗೇ ಇರುವ ರೈಜೆನ್ ಚಿಪ್ ಸಿಕ್ಕರೆ ಹಳೆಯ ಆಟಗಳು, ಸಣ್ಣ ಕಂಪನಿಗಳ ಆಟಗಳು, ಇಬ್ಬರು ಒಟ್ಟಿಗೆ ಕೂತು ಆಡುವ ಕಾರ್ಟೂನ್ ತರಹದ ಆಟಗಳು ಫುಲ್ ಎಚ್‌ಡಿಯಲ್ಲಿ ಆರಾಮಾಗಿ ಓಡುತ್ತವೆ. ಈ ವರ್ಷದ ದೊಡ್ಡ ಆಟ ಹಾಕಿದರೆ ಸೆಟ್ಟಿಂಗ್ ಎಲ್ಲ ಕೆಳಗಿಳಿಸಬೇಕು. ಇದಕ್ಕೆ ಒಂದೇ ಎಚ್ಚರಿಕೆ. 16 ಜಿಬಿಯ ಒಂದು ರ‍್ಯಾಮ್ ಕಡ್ಡಿ ಹಾಕಿ ಮಾರುತ್ತಾರೆ, 8 ಜಿಬಿಯ ಎರಡು ಕಡ್ಡಿ ಹಾಕಿಸಿಕೊಳ್ಳಿ. ಇಂಥ ಚಿಪ್‌ಗೆ ಸ್ವಂತ ಗ್ರಾಫಿಕ್ಸ್ ಮೆಮೊರಿ ಇರೋದಿಲ್ಲ, ಈ ರ‍್ಯಾಮನ್ನೇ ಹಂಚಿಕೊಳ್ಳುತ್ತದೆ. ಒಂದೇ ಕಡ್ಡಿ ಇದ್ದರೆ ದಾರಿ ಅರ್ಧಕ್ಕರ್ಧ ಕಿರಿದಾಗುತ್ತದೆ, ಆಟ ತಡವರಿಸುತ್ತದೆ.

ಈಗ ನಿಮ್ಮ 80 ಸಾವಿರ. ನನ್ನನ್ನು ಕೇಳಿದರೆ ಅರ್ಧ ಕ್ಯಾನ್ ಆಸೆ ಬಿಟ್ಟು ಒಂದು ಕ್ಯಾನ್ ಗಾತ್ರಕ್ಕೆ ಬನ್ನಿ, ಮೈಕ್ರೊ ಎಟಿಎಕ್ಸ್ ಸಣ್ಣ ಕ್ಯಾಬಿನೆಟ್. ಟಿವಿ ಸ್ಟ್ಯಾಂಡ್ ಪಕ್ಕ ನೆಲದ ಮೇಲೆ ಕೂರುತ್ತದೆ, ಗಾಜು-ಲೈಟು ಇಲ್ಲದ ಸಾದಾ ಕಪ್ಪು ಡಬ್ಬಿ ಆರಿಸಿದರೆ ಸಬ್‌ವೂಫರ್ ಅಂದ್ಕೊಳ್ತಾರೆ. ವಿಂಡೋಸ್ ಲೈಸೆನ್ಸ್, ಎರಡು ಕಂಟ್ರೋಲರ್, ಎಚ್‌ಡಿಎಂಐ ಕೇಬಲ್ ಲೆಕ್ಕದಲ್ಲಿ ಸೇರಿಸಿ, ಎಲ್ಲರೂ ಮರೆಯೋದು ಇದನ್ನೇ. ಒಳ್ಳೆಯ ಕಂಟ್ರೋಲರ್ ಒಂದಕ್ಕೆ ಐದಾರು ಸಾವಿರ ಆಗುತ್ತದೆ. ಎಲ್ಲ ಕೂಡಿ 80 ದಾಟಿತು ಅಂದ್ರೆ ಆಸೆ ತಡೆದು ಪಿಎಸ್5 ತಗೊಳ್ಳಿ. ಕಾರ್ಡ್‌ನಲ್ಲಿ ಚೌಕಾಸಿ ಮಾಡಿ, ಐದು ವರ್ಷ ಹಳೆಯ ಸೆಕೆಂಡ್ ಹ್ಯಾಂಡ್ ಹಾಕಿಸಿಕೊಂಡು, ಪಿಸಿ ಅನ್ನೋ ಹೆಸರಿಗೊಂದು ಪಿಸಿ ಮಾಡಿಸಬೇಡಿ.

ಪ್ರಶ್ನೆ: ನನ್ನ ರೂಮಲ್ಲಿ ಈಗಾಗಲೇ ಒಳ್ಳೆಯ ಗೇಮಿಂಗ್ ಪಿಸಿ ಇದೆ. ಆದರೆ ವಾರಾಂತ್ಯ ಹಾಲ್‌ನ ದೊಡ್ಡ ಟಿವಿಯಲ್ಲಿ ಗೆಳೆಯರ ಜೊತೆ ಆಡಬೇಕು ಅನಿಸುತ್ತದೆ. ಹಾಲ್‌ಗೆ ಅಂತಲೇ ಒಂದು ಮಿನಿ ಪಿಸಿ ತಗೊಳ್ಳಲಾ?
— ಹುಬ್ಬಳ್ಳಿಯ ಎಂಜಿನಿಯರಿಂಗ್ ವಿದ್ಯಾರ್ಥಿ

ಉತ್ತರ: ಬೇಡಪ್ಪಾ. ಒಂದು ಕೇಬಲ್ ತಗೊಳ್ಳಿ.

ನಿಮ್ಮ ಟಿವಿ ಆಂಡ್ರಾಯ್ಡ್ ಅಥವಾ ಗೂಗಲ್ ಟಿವಿ ಆಗಿದ್ದರೆ ಅದರಲ್ಲೇ ಸ್ಟೀಮ್ ಲಿಂಕ್ ಆ್ಯಪ್ ಸಿಗುತ್ತದೆ. ಆಟ ಓಡೋದು ರೂಮಿನ ಪಿಸಿಯಲ್ಲಿ, ಚಿತ್ರ ಬರೋದು ಹಾಲ್‌ನ ಟಿವಿಯಲ್ಲಿ. ಸ್ವಲ್ಪ ಕೈಯಾಡಿಸುವ ಅಭ್ಯಾಸ ಇದ್ದರೆ ಪಿಸಿಯಲ್ಲಿ ಸನ್‌ಶೈನ್, ಟಿವಿಯಲ್ಲಿ ಮೂನ್‌ಲೈಟ್ ಅನ್ನೋ ಜೋಡಿ ಹಾಕಿ, ಎರಡೂ ಪುಕ್ಕಟೆ. ಇದು ಚೆನ್ನಾಗಿ ನಡೆಯೋಕೆ ಒಂದೇ ಷರತ್ತು: ಪಿಸಿಯಿಂದ ರೂಟರ್‌ವರೆಗೆ ವೈಫೈ ಬೇಡ, ಲ್ಯಾನ್ ಕೇಬಲ್ ಎಳೆಯಿರಿ. ಟಿವಿ 5 ಗಿಗಾಹರ್ಟ್ಸ್ ವೈಫೈನಲ್ಲಿದ್ದರೂ ನಡೆಯುತ್ತದೆ. ಟಿವಿಯ ಲ್ಯಾನ್ ಪೋರ್ಟ್ ನಂಬಿ ಖುಷಿಪಡಬೇಡಿ, ಬಹಳಷ್ಟು ಟಿವಿಗಳಲ್ಲಿ ಅದು 100 ಎಂಬಿಪಿಎಸ್‌ನದ್ದು. ಒಳ್ಳೆಯ ವೈಫೈ ಅದಕ್ಕಿಂತ ವೇಗ.

ಬಾಗಿಲ ಸಂದಿಯಲ್ಲಿ ಕೇಬಲ್ ಎಳೆಯುವಾಗ ಚಪ್ಪಟೆ ಕೇಬಲ್ ತಗೊಂಡರೆ ಯಾರ ಕಾಲಿಗೂ ತೊಡರೋದಿಲ್ಲ, ಅಮ್ಮನ ಪೊರಕೆಗೂ ಸಿಗೋದಿಲ್ಲ. ಸೆಕೆಂಡಿನಲ್ಲಿ ನೂರರಲ್ಲೊಂದು ಭಾಗ ಲೆಕ್ಕ ಹಾಕಿ ಆಡುವ ಶೂಟಿಂಗ್ ಆಟಕ್ಕೆ ಇದು ಆಗಿಬರೋದಿಲ್ಲ, ರೇಸಿಂಗ್, ಫುಟ್‌ಬಾಲ್, ಕತೆ ಇರುವ ಆಟಗಳಿಗೆ ಏನೂ ತೊಂದರೆ ಇಲ್ಲ. ಹತ್ತು ದಿನ ಹೀಗೆ ಆಡಿ ನೋಡಿ. ಆಮೇಲೂ ಮಿನಿ ಪಿಸಿ ಬೇಕು ಅನಿಸಿದರೆ ಬರೆಯಿರಿ, ಜಗಳ ಆಡೋಣ.

ಪ್ರಶ್ನೆ: ನಾನು ಅಮೆರಿಕದ ಡಲ್ಲಾಸ್‌ನಲ್ಲಿದ್ದೇನೆ. ಊರಿಗೆ ಬರುವಾಗ ಶಿವಮೊಗ್ಗದಲ್ಲಿರುವ ತಮ್ಮನಿಗೆ ಸ್ಟೀಮ್ ಮೆಷಿನ್ ತಂದುಕೊಡಬೇಕು ಅಂತಿದ್ದೇನೆ. ತರಬಹುದಾ?
— ಡಲ್ಲಾಸ್‌ನಿಂದ ಒಬ್ಬ ಅಕ್ಕ

ಉತ್ತರ: ಅಕ್ಕ ಅಂದ್ರೆ ಹೀಗಿರಬೇಕು! ತರೋಕೆ ತರಬಹುದು, ಆದರೆ ಮೊದಲು ತಮ್ಮನಿಗೆ ಒಂದು ಫೋನ್ ಮಾಡಿ ಅವನು ಏನು ಆಡ್ತಾನೆ ಕೇಳಿ.

ಯಾಕೆ ಅಂದ್ರೆ ಈ ಡಬ್ಬಿಯಲ್ಲಿ ವಿಂಡೋಸ್ ಇಲ್ಲ. ಸ್ಟೀಮ್ ಓಎಸ್ ಇದೆ, ಅದು ಲಿನಕ್ಸ್ ಅನ್ನೋ ಬೇರೆಯೇ ಆಪರೇಟಿಂಗ್ ಸಿಸ್ಟಂ. ವಿಂಡೋಸ್‌ಗೆ ಅಂತ ಮಾಡಿದ ಆಟಗಳನ್ನು ಪ್ರೋಟಾನ್ ಅನ್ನೋ ದುಭಾಷಿ ಅಲ್ಲಿ ಓಡಿಸುತ್ತದೆ. 2018ರಲ್ಲಿ ಶುರುವಾದ ಈ ಪ್ರೋಟಾನ್ ಈಗ ನಿಜಕ್ಕೂ ಅದ್ಭುತವಾಗಿದೆ, ಒಬ್ಬರೇ ಆಡುವ ಆಟಗಳಲ್ಲಿ ಹೆಚ್ಚಿನವು ಸುಸೂತ್ರ. ಕೈಕೊಡೋದು ಆನ್‌ಲೈನ್ ಆಟಗಳು. ವ್ಯಾಲೊರಂಟ್, ಫೋರ್ಟ್‌ನೈಟ್, ಹೊಸ ಕಾಲ್ ಆಫ್ ಡ್ಯೂಟಿ, ಬ್ಯಾಟಲ್‌ಫೀಲ್ಡ್ 6, ಇಎ ಫುಟ್‌ಬಾಲ್ ಇವು ಯಾವುವೂ ಓಡೋದಿಲ್ಲ. ಮೋಸ ಹಿಡಿಯುವ ಕಾವಲು ತಂತ್ರಾಂಶ ವಿಂಡೋಸ್‌ನ ಆಳಕ್ಕೆ ಇಳಿದು ಕೂತಿರುತ್ತದೆ, ಲಿನಕ್ಸ್‌ನಲ್ಲಿ ಅದಕ್ಕೆ ಆ ಜಾಗ ಇಲ್ಲ, ಹಾಗಾಗಿ ಆಟವೇ ಬಾಗಿಲು ಹಾಕಿಕೊಳ್ಳುತ್ತದೆ. ಜಿಟಿಎ ಆನ್‌ಲೈನ್ ಓಡುತ್ತಿತ್ತು, 2024ರ ಸೆಪ್ಟೆಂಬರ್‌ನಲ್ಲಿ ಕಾವಲುಗಾರನನ್ನು ಕೂರಿಸಿದರು, ಅಂದಿನಿಂದ ಅದೂ ಬಂದ್. ನಿಮ್ಮ ತಮ್ಮ ರಾತ್ರಿ ಗೆಳೆಯರ ಜೊತೆ ವ್ಯಾಲೊರಂಟ್ ಆಡುವ ಹುಡುಗ ಆಗಿದ್ದರೆ ಅಷ್ಟು ದೂರದಿಂದ ತಂದ ಉಡುಗೊರೆ ನೋಡಿ ಮುಖ ಸಣ್ಣ ಮಾಡ್ತಾನೆ.

ಒಳಗೆ ಇರೋದು ಕೆಟ್ಟ ಸಾಮಾನಲ್ಲ. ಎಎಂಡಿಯ ಆರು ಕೋರಿನ ಜೆನ್ 4 ಪ್ರೊಸೆಸರ್, 16 ಜಿಬಿ ರ‍್ಯಾಮ್, 8 ಜಿಬಿ ಗ್ರಾಫಿಕ್ಸ್ ಮೆಮೊರಿ, 512 ಜಿಬಿ ಇಲ್ಲವೇ 2 ಟಿಬಿ ಜಾಗ, ತೂಕ 2.6 ಕೆಜಿ. ಚಾರ್ಜರ್ ಇಟ್ಟಿಗೆ ಹೊರಗೆ ನೇತಾಡೋದಿಲ್ಲ, ಪವರ್ ಸಪ್ಲೈ ಒಳಗೇ ಇದೆ. ನನಗೆ ಹೊಟ್ಟೆಕಿಚ್ಚು ಬಂದಿರೋದು ಇನ್ನೊಂದು ವಿಷಯಕ್ಕೆ: ಸೋಫಾದಲ್ಲಿ ಕೂತು ಕಂಟ್ರೋಲರ್ ಬಟನ್ ಒತ್ತಿದರೆ ಡಬ್ಬಿಯೂ ಏಳುತ್ತದೆ, ಟಿವಿಯೂ ಆನ್ ಆಗುತ್ತದೆ. ನಾವು ಕಟ್ಟುವ ಪಿಸಿಗಳಲ್ಲಿ ಇದು ಸುಲಭಕ್ಕೆ ಆಗೋದಿಲ್ಲ. ಟಿವಿಯನ್ನು ಎಬ್ಬಿಸುವ ಎಚ್‌ಡಿಎಂಐ ಸಂಕೇತವನ್ನು ನಮ್ಮ ಗ್ರಾಫಿಕ್ಸ್ ಕಾರ್ಡ್‌ಗಳು ಕಳಿಸೋದೇ ಇಲ್ಲ. ಹಾಗಾಗಿ ಒಂದು ಕೈಯಲ್ಲಿ ರಿಮೋಟು, ಇನ್ನೊಂದು ಕೈಯಲ್ಲಿ ಕಂಟ್ರೋಲರ್, ತೊಡೆ ಮೇಲೆ ಕೀಬೋರ್ಡು.

ಆದರೆ ವಾಲ್ವ್ ಕೈಯಲ್ಲಿ ಹಿಡಿದು ಆಡುವ ತನ್ನ ಸ್ಟೀಮ್ ಡೆಕ್ಕನ್ನೂ ಭಾರತದಲ್ಲಿ ಅಧಿಕೃತವಾಗಿ ಮಾರಲಿಲ್ಲ, ಈ ಡಬ್ಬಿಗೆ ಘೋಷಿಸಿದ ದೇಶಗಳಲ್ಲೂ ನಮ್ಮ ಹೆಸರಿಲ್ಲ. ಕೆಟ್ಟರೆ ಶಿವಮೊಗ್ಗದಲ್ಲಿ ಯಾರೂ ಮುಟ್ಟೋದಿಲ್ಲ, ಡಲ್ಲಾಸ್‌ಗೇ ವಾಪಸ್ ಹೋಗಬೇಕು. ಡಬ್ಬಿಯನ್ನು ನಷ್ಟಕ್ಕೆ ಕೊಟ್ಟು ಆಟದಲ್ಲಿ ವಸೂಲಿ ಮಾಡುವ ಲೆಕ್ಕ ನಮ್ಮದಲ್ಲ, ಅದೇ ಶಕ್ತಿಯ ಪಿಸಿಯ ಬೆಲೆಯೇ ಇರುತ್ತದೆ ಅಂತಲೂ ವಾಲ್ವ್‌ನವರು ಮೊದಲೇ ಹೇಳಿದ್ದಾರೆ. ಕಸ್ಟಮ್ಸ್‌ನಲ್ಲಿ ಒಂದು ಲ್ಯಾಪ್‌ಟಾಪ್‌ಗೆ ಸಿಗುವ ವಿನಾಯಿತಿ ಇದಕ್ಕೆ ಸಿಗೋದಿಲ್ಲ, ಇದು ಲ್ಯಾಪ್‌ಟಾಪ್ ಅಲ್ಲ. ಬಿಲ್ ಕೈಯಲ್ಲಿಟ್ಟುಕೊಂಡು ಬನ್ನಿ. ತಮ್ಮ ಒಬ್ಬನೇ ಆಡುವ ಕತೆಯ ಆಟಗಳ ಹುಚ್ಚನಾಗಿದ್ದರೆ ತನ್ನಿ, ಇಲ್ಲ ಅಂದ್ರೆ ಅದೇ ಡಾಲರ್ ಅವನ ಖಾತೆಗೆ ಹಾಕಿ, ಬೆಂಗಳೂರಿಗೆ ಬಂದು ಕಂಪ್ಯೂಟರ್ ಅಂಗಡಿಗಳಿರುವ ಎಸ್.ಪಿ. ರೋಡಿನಲ್ಲಿ ಕಟ್ಟಿಸಿಕೊಳ್ಳಲಿ.

(ಇದೇ ಹೆಸರಿನ ಡಬ್ಬಿಗಳು 2015ರಲ್ಲೂ ಬಂದಿದ್ದವು, ಬೇರೆ ಬೇರೆ ಕಂಪನಿಯವರು ಮಾಡಿದ್ದು. ಆಗ ಪ್ರೋಟಾನ್ ಇರಲಿಲ್ಲ, ಆಡೋಕೆ ಆಟಗಳೂ ಕಮ್ಮಿ, ಮೂರು ವರ್ಷಕ್ಕೆ ಮೂಲೆ ಸೇರಿದವು. ಈ ಸಲದ್ದು ಅಂಥದ್ದಲ್ಲ.)

ಪ್ರಶ್ನೆ: ಟಿವಿ ಶೋಕೇಸ್ ಒಳಗೆ ಇಟ್ಟರೆ ಬಿಸಿ ಆಗುತ್ತಾ? ನಮ್ಮದು ಬಾಗಿಲಿರುವ ಶೋಕೇಸ್. ಮಂಗಳೂರಿನ ಸೆಕೆ ಗೊತ್ತಲ್ಲ.
— ಕದ್ರಿಯ ಓದುಗರು

ಉತ್ತರ: ಗೊತ್ತು, ನನ್ನ ಕೈ ಸುಟ್ಟಿದೆ.

ಎರಡು ವರ್ಷದ ಹಿಂದೆ ನಾನೂ ಇದೇ ಹುಚ್ಚಿಗೆ ಬಿದ್ದೆ. ಅರ್ಧ ಕ್ಯಾನ್ ಗಾತ್ರದ ಕ್ಯಾಬಿನೆಟ್ ತರಿಸಿದೆ, ಗ್ರಾಫಿಕ್ಸ್ ಕಾರ್ಡ್ ಮಾತ್ರ ಅಂಗಡಿಯಲ್ಲಿ ತಗೊಂಡೆ. ‘ಎರಡು ಸ್ಲಾಟ್ ದಪ್ಪದ್ದೇ ತಾನೇ?’ ಅಂತ ಎರಡೆರಡು ಸಲ ಕೇಳಿದೆ, ‘ಹೌದು ಸಾರ್, ಎಲ್ಲಾದಕ್ಕೂ ಕೂರುತ್ತೆ’ ಅಂದರು. ಮನೆಗೆ ಬಂದು ಕೂರಿಸಿದರೆ ಕ್ಯಾಬಿನೆಟ್ಟಿನ ಪಕ್ಕದ ತಗಡು ಮುಚ್ಚೋದಿಲ್ಲ. ಸ್ಕೇಲ್ ಹಿಡಿದು ನೋಡಿದರೆ ಕಾರ್ಡ್ ದಪ್ಪ 44 ಮಿಲಿಮೀಟರ್, ಜಾಗ ಇದ್ದದ್ದು 40. ಆ ನಾಲ್ಕು ಮಿಲಿಮೀಟರ್! ಸೀಲ್ ಒಡೆದಿದ್ದೀರಿ ಅಂತ ವಾಪಸ್ ತಗೊಳ್ಳಲಿಲ್ಲ. ಇನ್ನೇನು ಮಾಡೋದು, ಪಕ್ಕದ ತಗಡನ್ನು ಅಟ್ಟಕ್ಕೆ ಹಾಕಿ, ಬೋಳು ಡಬ್ಬಿಯನ್ನು ಶೋಕೇಸ್ ಒಳಗಿಟ್ಟು ಗಾಜಿನ ಬಾಗಿಲು ಎಳೆದೆ. ಕಣ್ಣಿಗೆ ಬೀಳಬಾರದಲ್ಲ, ಮರ್ಯಾದೆ ಪ್ರಶ್ನೆ.

ಮೊದಲ ಇಪ್ಪತ್ತು ನಿಮಿಷ ಸ್ವರ್ಗ. ಆಮೇಲೆ ಫ್ಯಾನ್ ಸದ್ದು ಮಿಕ್ಸಿಯಷ್ಟಾಯಿತು. ಅಷ್ಟೊತ್ತಿಗೆ ಆಟ ಜರ್ಕ್ ಹೊಡೆಯೋಕೆ ಶುರು. ಬಾಗಿಲು ತೆಗೆದರೆ ಮುಖಕ್ಕೆ ಹಬೆ ಹೊಡೆದ ಹಾಗೆ ಬಿಸಿಗಾಳಿ, ಮೇಲಿನ ಹಲಗೆ ಮುಟ್ಟಿದರೆ ದೋಸೆ ಕಾವಲಿ. ಅಲ್ಲಿಟ್ಟಿದ್ದ ಗಣಪತಿ ಮೂರ್ತಿಯ ಕೆಳಗಿನ ಅಂಟು ಕರಗಿ ಮೂರ್ತಿ ಒಂದು ಕಡೆ ವಾಲಿತ್ತು. ತಪ್ಪು ನನ್ನದೇ. ಪಿಸಿ ಎಳೆದುಕೊಂಡ ಕರೆಂಟೆಲ್ಲ ಕೊನೆಗೆ ಬಿಸಿಯೇ ಆಗುತ್ತದೆ. 250 ವ್ಯಾಟಿನ ಪಿಸಿಯನ್ನು ಮುಚ್ಚಿದ ಶೋಕೇಸಿನಲ್ಲಿಡೋದೂ ಒಂದೇ, ಅಷ್ಟೇ ವ್ಯಾಟಿನ ಸಣ್ಣ ಹೀಟರ್ ಹಚ್ಚಿ ಬಾಗಿಲು ಹಾಕೋದೂ ಒಂದೇ. ಒಳಗಿನ ಫ್ಯಾನ್ ಎಷ್ಟೇ ಒಳ್ಳೆಯದಿರಲಿ, ಹೊರಗೆ ತಳ್ಳಿದ ಬಿಸಿಗಾಳಿಯನ್ನೇ ಮತ್ತೆ ಒಳಗೆಳೆಯುತ್ತದೆ.

ಬಡಗಿ ಕರೆಸಿ ಶೋಕೇಸಿನ ಹಿಂದಿನ ಪ್ಲೈವುಡ್ ಪೂರ್ತಿ ಕೊಯ್ಯಿಸಿದೆ, ಗಾಜಿನ ಬಾಗಿಲು ಬಿಚ್ಚಿಸಿದೆ. ಈಗ ಸದ್ದಿಲ್ಲ. ನೀವೂ ಅಷ್ಟೇ ಮಾಡಿ, ಇಲ್ಲವೇ ಶೋಕೇಸಿನ ಮೇಲೇ ಇಡಿ. ಹಿಂದೆ ಗೋಡೆಯಿಂದ ಒಂದು ಗೇಣು ಬಿಡಿ. ಕರಾವಳಿಯಲ್ಲಿ ಇನ್ನೊಂದು ಕಾಟ, ತಿಂಗಳುಗಟ್ಟಲೆ ಮಳೆ ಹಿಡಿದಾಗ ಪಿಸಿಯನ್ನು ಮುಟ್ಟದೆ ಮೂಲೆಯಲ್ಲಿ ಬಿಡಬೇಡಿ, ಎರಡು ದಿನಕ್ಕೊಮ್ಮೆಯಾದರೂ ಆನ್ ಮಾಡಿ ಒಂದಿಷ್ಟು ಹೊತ್ತು ಓಡಿಸಿ. ತೇವ ಆರುತ್ತದೆ. ಆಡೋಕೆ ಇದಕ್ಕಿಂತ ಒಳ್ಳೆಯ ನೆಪ ಬೇಕಾ?

ಪ್ರಶ್ನೆ: ಕರೆಂಟ್ ಬಿಲ್ ಎಷ್ಟು ಏರುತ್ತದೆ? ನಮಗೆ ಗೃಹಜ್ಯೋತಿ ಇದೆ.
— ಕೋಲಾರ

ಉತ್ತರ: ಆಡುವಾಗ 250 ವ್ಯಾಟ್ ಅಂತಿಟ್ಟುಕೊಳ್ಳಿ. ದಿನಕ್ಕೆ ಎರಡು ಗಂಟೆ ಅಂದ್ರೆ ಅರ್ಧ ಯೂನಿಟ್, ತಿಂಗಳಿಗೆ 15 ಯೂನಿಟ್. ಯೂನಿಟ್‌ಗೆ ಆರು ರೂಪಾಯಿ ಲೆಕ್ಕದಲ್ಲಿ 90 ರೂಪಾಯಿ, ಒಂದು ಮಸಾಲೆ ದೋಸೆ, ಒಂದು ಕಾಫಿ. ಹೆದರಬೇಕಾಗಿರೋದು ಅದಕ್ಕಲ್ಲ. ಗೃಹಜ್ಯೋತಿಯಲ್ಲಿ ನಿಮ್ಮ ಪಾಲಿನ ಯೂನಿಟ್ ದಾಟಿದರೆ ದಾಟಿದ್ದಕ್ಕೆ ಮಾತ್ರ ದುಡ್ಡು, ಆದರೆ 200 ದಾಟಿದರೆ ಪೂರ್ತಿ ಬಿಲ್ ನಿಮ್ಮ ತಲೆ ಮೇಲೆ. ಈಗ 190ರ ಹತ್ತಿರ ಬಳಸುತ್ತಿದ್ದರೆ ಈ 15 ಯೂನಿಟ್ ನಿಮ್ಮನ್ನು 205ಕ್ಕೆ ತಂದು ನಿಲ್ಲಿಸುತ್ತದೆ, ಆಗ ದೋಸೆಯ ಲೆಕ್ಕ ಹೋಗಿ ಸಾವಿರ ದಾಟುತ್ತದೆ. ಹಳೆಯ ಬಿಲ್ ತೆಗೆದು ನೋಡಿ ಆಮೇಲೆ ನಿರ್ಧಾರ ಮಾಡಿ.

ಪ್ರಶ್ನೆ: ಇದರಲ್ಲೇ ನೆಟ್‌ಫ್ಲಿಕ್ಸ್, ಹಾಟ್‌ಸ್ಟಾರ್ ನೋಡಬಹುದಲ್ವಾ? ಆಗ ಟಿವಿ ಬಾಕ್ಸ್ ಉಳಿಯುತ್ತೆ.
— ತುಮಕೂರು

ಉತ್ತರ: ನೋಡಬಹುದು, ನೋಡಬೇಡಿ. ಪಿಸಿಯ ಬ್ರೌಸರ್‌ಗಳಿಗೆ ಅವರು 4ಕೆ ಚಿತ್ರ ಸುಲಭಕ್ಕೆ ಕೊಡೋದಿಲ್ಲ, ಲಿನಕ್ಸ್‌ನಲ್ಲಂತೂ ಇನ್ನೂ ಕಷ್ಟ. ಟಿವಿಯ ಆ್ಯಪ್‌ನಲ್ಲೇ ಚಿತ್ರ ಚೆನ್ನಾಗಿರುತ್ತದೆ, ರಿಮೋಟೂ ಕೆಲಸ ಮಾಡುತ್ತದೆ.

ಪ್ರಶ್ನೆ: ಆಫೀಸುಗಳಿಂದ ಬಂದ ಸೆಕೆಂಡ್ ಹ್ಯಾಂಡ್ ಸಣ್ಣ ಪಿಸಿಗಳು ಅಗ್ಗಕ್ಕೆ ಸಿಗುತ್ತವೆ. ಅದಕ್ಕೆ ಗ್ರಾಫಿಕ್ಸ್ ಕಾರ್ಡ್ ಹಾಕಿ ಹಾಲ್‌ನಲ್ಲಿಟ್ಟರೆ?
— ದಾವಣಗೆರೆ

ಉತ್ತರ: ಈ ತಿಂಗಳ ಜಾಣ ಪ್ರಶ್ನೆ ಇದು. ಆಗುತ್ತದೆ, ಆದರೆ ಎರಡು ಜಾತಿ ಇವೆ. ಪುಸ್ತಕದಷ್ಟು ದಪ್ಪದ ತೀರಾ ಸಣ್ಣವು ಬೇಡ, ಮಾಮೂಲಿ ಕಾರ್ಡ್ ಹಾಕೋಕೆ ಜಾಗವೇ ಇರೋದಿಲ್ಲ. ಅದಕ್ಕಿಂತ ಒಂದು ಸುತ್ತು ದೊಡ್ಡದು, ಮಲಗಿಸಿ ಮೇಲೆ ಮಾನಿಟರ್ ಇಡುತ್ತಿದ್ದರಲ್ಲ, ಅದು ತಗೊಳ್ಳಿ. ಇಂಟೆಲ್ ಪ್ರೊಸೆಸರ್ ಎಂಟನೇ ಪೀಳಿಗೆ ಅಥವಾ ಅದರಿಂದೀಚಿನದ್ದು ಇರಲಿ. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ ಬೆಂಬಲ ನಿಂತಿದೆ, ಏಳನೇ ಪೀಳಿಗೆಯಿಂದ ಹಿಂದಿನದ್ದಕ್ಕೆ ವಿಂಡೋಸ್ 11 ಸರಿಯಾದ ದಾರಿಯಲ್ಲಿ ಬರೋದಿಲ್ಲ. ಅವು ಅಷ್ಟು ಅಗ್ಗಕ್ಕೆ ಬಿಕರಿಯಾಗುತ್ತಿರೋದೇ ಅದಕ್ಕೆ.

ಕಾರ್ಡ್ ಆರ್‌ಟಿಎಕ್ಸ್ 3050 ಹಾಕಿ, ಆದರೆ 6 ಜಿಬಿಯದ್ದೇ ಆಗಬೇಕು, ಅದರಲ್ಲೂ ಗಿಡ್ಡ ಮಾದರಿ, ಲೋ ಪ್ರೊಫೈಲ್ ಅಂತ ಕೇಳಿ. ಅದು 70 ವ್ಯಾಟಿನದ್ದು, ಬೇರೆ ಪವರ್ ವೈರ್ ಬೇಡ, ಬೋರ್ಡಿನಿಂದಲೇ ಕರೆಂಟ್ ಎಳೆದುಕೊಳ್ಳುತ್ತದೆ. 8 ಜಿಬಿ 3050 ಜಾಸ್ತಿ ಕರೆಂಟ್ ಕೇಳುತ್ತದೆ, ಆ ಡಬ್ಬಿಯ ಪವರ್ ಸಪ್ಲೈಯಲ್ಲಿ ಅದಕ್ಕೆ ವೈರೇ ಇರೋದಿಲ್ಲ. ಅಂಗಡಿಯಲ್ಲಿ ಡಬ್ಬಿ ಮುಚ್ಚಳ ತೆಗೆಸಿ, ಕಾರ್ಡ್ ಕೂರಿಸಿ, ಮುಚ್ಚಳ ಹಾಕಿಸಿ, ಆನ್ ಮಾಡಿಸಿ ನೋಡಿ, ಆಮೇಲೇ ದುಡ್ಡು. ನನ್ನ ನಾಲ್ಕು ಮಿಲಿಮೀಟರ್ ನೆನಪಿರಲಿ.

ಪ್ರಶ್ನೆ: ಎಲ್ಲ ಜೋಡಿಸಿದ್ದೇನೆ, ಆದರೆ ಬಟನ್ ಒತ್ತಿದ ಮೇಲೆ ಪಾತ್ರ ತಡವಾಗಿ ನೆಗೆಯುತ್ತದೆ. ಚಿತ್ರದ ಅಂಚೂ ಕತ್ತರಿಸಿದೆ. ಕಾರ್ಡ್ ಕೆಟ್ಟಿದೆಯಾ?
— ಹಾಸನ

ಉತ್ತರ: ಕಾರ್ಡ್ ಅಲ್ಲ, ಟಿವಿ. ಸಿನಿಮಾ ಚೆನ್ನಾಗಿ ಕಾಣಲಿ ಅಂತ ಟಿವಿ ಪ್ರತಿ ಚಿತ್ರವನ್ನೂ ತಿದ್ದಿ ತೀಡಿ ತೋರಿಸುತ್ತದೆ, ಅದಕ್ಕೇ ತಡ. ಸೆಟ್ಟಿಂಗ್‌ಗೆ ಹೋಗಿ ಗೇಮ್ ಮೋಡ್ ಹಾಕಿ. ಅಂಚು ಕತ್ತರಿಸೋದಕ್ಕೆ ‘ಜಸ್ಟ್ ಸ್ಕ್ಯಾನ್’ ಅಥವಾ ‘ಸ್ಕ್ರೀನ್ ಫಿಟ್’ ಹುಡುಕಿ. ಕೇಬಲ್ ಹಾಕಿರೋದು ಗ್ರಾಫಿಕ್ಸ್ ಕಾರ್ಡಿನ ಪೋರ್ಟ್‌ಗಾ, ಬೋರ್ಡಿನ ಪೋರ್ಟ್‌ಗಾ ಅಂತಲೂ ಒಮ್ಮೆ ಬಗ್ಗಿ ನೋಡಿ, ಕಾರ್ಡಿನದ್ದಕ್ಕೇ ಇರಬೇಕು. ನಗಬೇಡಿ, ಹತ್ತರಲ್ಲಿ ಇಬ್ಬರು ಮಾಡೋದು ಇದೇ ತಪ್ಪು. ಕಂಟ್ರೋಲರ್ ಕೂಡ ಆಗಾಗ ಕೈಕೊಡುತ್ತಿದ್ದರೆ ಅದರ ಸಿಗ್ನಲ್ ಹಿಡಿಯುವ ಡಾಂಗಲ್ ಪಿಸಿಯ ಹಿಂದೆ ಯುಎಸ್‌ಬಿ 3 ಪೋರ್ಟಿನ ಪಕ್ಕ ಇರಬೇಕು, ಆ ಪೋರ್ಟಿನ ಗದ್ದಲಕ್ಕೆ 2.4 ಗಿಗಾಹರ್ಟ್ಸ್ ಸಿಗ್ನಲ್ ಮಂಕಾಗುತ್ತದೆ. ಒಂದು ಸಣ್ಣ ಎಕ್ಸ್‌ಟೆನ್ಶನ್ ವೈರ್ ಹಾಕಿ ಡಾಂಗಲನ್ನು ಟಿವಿ ಮುಂದಕ್ಕೆ ತನ್ನಿ.

ಪ್ರಶ್ನೆ: ಮಗ ಪಿಯುಸಿ. ಹಾಲ್‌ನಲ್ಲಿ ಗೇಮಿಂಗ್ ಪಿಸಿ ಕೊಡಿಸಿದರೆ ಓದೋಕೂ ಆಗುತ್ತಮ್ಮಾ ಅಂತಾನೆ. ನಂಬಲಾ?
— ಬೆಂಗಳೂರಿನ ಒಬ್ಬ ತಾಯಿ

ಉತ್ತರ: ಮೇಡಂ, ನಾನೂ ನಮ್ಮಮ್ಮನಿಗೆ ಇದೇ ಹೇಳಿದ್ದೆ.

ಕೊಡಿಸೋದೇ ಆದರೆ ರೂಮಿಗಿಂತ ಹಾಲ್ ಎಷ್ಟೋ ವಾಸಿ. ಎಲ್ಲರೂ ಓಡಾಡುವ ಜಾಗ, ಏನು ಆಡ್ತಾನೆ ಅಂತ ನಿಮಗೂ ಗೊತ್ತಿರುತ್ತದೆ, ರಾತ್ರಿ ಧಾರಾವಾಹಿ ಹೊತ್ತಿಗೆ ಟಿವಿ ನಿಮ್ಮದು, ತಾನಾಗಿಯೇ ಆಟ ನಿಲ್ಲುತ್ತದೆ. ಸ್ಟೀಮ್‌ನಲ್ಲಿ ಫ್ಯಾಮಿಲಿ ಅಂತ ಒಂದು ವ್ಯವಸ್ಥೆ ಇದೆ, ಆರು ಜನರವರೆಗೆ ಸೇರಬಹುದು. ನೀವು ಅದರಲ್ಲಿ ಹಿರಿಯರಾಗಿ, ಅವನನ್ನು ಮಕ್ಕಳ ಖಾತೆಯಲ್ಲಿ ಸೇರಿಸಿ. ದಿನಕ್ಕೆ ಎಷ್ಟು ಗಂಟೆ, ಯಾವ ಹೊತ್ತಿನಿಂದ ಯಾವ ಹೊತ್ತಿಗೆ ಅಂತ ನಿಮ್ಮ ಫೋನಿನಿಂದಲೇ ಹಾಕಬಹುದು. ಆಟ ಕೊಳ್ಳಬೇಕಾದರೂ ಮನವಿ ನಿಮಗೆ ಬರುತ್ತದೆ. ಒಂದೇ ಮಾತು, ಈ ಖಾತೆ ಮಾಡುವ ಕೆಲಸ ಅವನ ಕೈಗೆ ಕೊಡಬೇಡಿ, ಅವನೇ ಹಿರಿಯನಾಗಿ ಕೂತುಬಿಡ್ತಾನೆ. ಪಿಸಿ ಮನೆಗೆ ಬರುವ ಮುಂಚೆಯೇ ನಿಮ್ಮ ಫೋನಿನಲ್ಲಿ ನೀವೇ ಮಾಡಿ. ಮತ್ತೆ, ಪರೀಕ್ಷೆ ಮುಗಿದ ಮೇಲೆ ಕೊಡಿಸಿ. ಬೆಲೆ ಇಳಿಯಲಿ ಅಂತ ಕಾಯ್ತಿದ್ದೀನಿ ಅಂತ ಹೇಳಿ. ರ‍್ಯಾಮ್ ಬೆಲೆ ನೋಡಿದ ಯಾವ ಹುಡುಗನೂ ಈಗ ಅದಕ್ಕೆ ಎದುರು ಮಾತಾಡೋದಿಲ್ಲ.